ಬಿಸಿಲು ಬಾರದ ಮುಂಬೈ ಮನೆಗೆ ಯಾವ ಗಿಡ ತರಬೇಕು?

ಮಾಟುಂಗಾ, ಸಯನ್, ಘಾಟ್‌ಕೋಪರ್, ಮುಲುಂಡ್, ಡೊಂಬಿವಲಿ. ಕನ್ನಡದ ಮನೆಗಳು ತಲೆಮಾರುಗಳಿಂದ ಇರುವ ಈ ಭಾಗಗಳಲ್ಲಿ ಈಗ ಎಲ್ಲಿ ನೋಡಿದರೂ ರಿಡೆವಲಪ್‌ಮೆಂಟ್. ಮೂರ್ನಾಲ್ಕು ಮಹಡಿಯ ಹಳೆ ಬಿಲ್ಡಿಂಗ್ ಕೆಡವಿ ಅದೇ ಜಾಗದಲ್ಲಿ ಟವರ್ ಏಳಿಸುತ್ತಾರೆ. ಪಕ್ಕದ ಬಿಲ್ಡಿಂಗಿನ ಎರಡನೇ ಮಹಡಿಯವರ ಕಿಟಕಿಗೆ ಬರುತ್ತಿದ್ದ ಬಿಸಿಲು ಅಲ್ಲಿಗೆ ನಿಂತಿತು. ವರ್ಷಗಟ್ಟಲೆ ಹೂ ಕೊಟ್ಟ ದಾಸವಾಳ ಮೊಗ್ಗು ಬಿಡುವುದಿಲ್ಲ. ತುಳಸಿ ಒಣಗಿ ಕಡ್ಡಿಯಾಗುತ್ತದೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಮೋಡ ಬೇರೆ.

ಇಂಥ ಮನೆಗೆ ಯಾವ ಗಿಡ ಆಗುತ್ತದೆ ಎಂದು ನರ್ಸರಿಯಲ್ಲಿ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಇಂಡೋರ್ ಹೈ, ಚಲೇಗಾ." ನಂಬಿ ತರುತ್ತೇವೆ. ಎರಡು ತಿಂಗಳಲ್ಲಿ ಎಲೆ ಹಳದಿಯಾಗುತ್ತದೆ. ಮಾರಿದವರ ಮಾತು ಪೂರ್ತಿ ಸುಳ್ಳೇನಲ್ಲ. 'ಇಂಡೋರ್' ಎಂಬ ಮಾತಿನಲ್ಲಿ ಕಿಟಕಿಯ ಕಟ್ಟೆಯೂ ಸೇರುತ್ತದೆ, ಬಾತ್‌ರೂಮಿನ ಪ್ಯಾಸೇಜೂ ಸೇರುತ್ತದೆ. ಎರಡರ ನಡುವೆ ಬೆಳಕಿನ ವ್ಯತ್ಯಾಸ ಹತ್ತಾರು ಪಟ್ಟು. ಹಾಗಾಗಿ ಗಿಡದ ಹೆಸರು ಕೇಳುವ ಮೊದಲು, ನೀವು ಇಡಬೇಕೆಂದಿರುವ ಮೂಲೆಯಲ್ಲಿ ಎಷ್ಟು ಬೆಳಕಿದೆ ಎಂದು ತಿಳಿಯಬೇಕು. ಗಿಡದ ಆಯ್ಕೆ ಆಮೇಲೆ ಸುಲಭವಾಗುತ್ತದೆ.

ಕಣ್ಣಿಗೆ ಬೆಳಕಾಗಿ ಕಂಡದ್ದು ಗಿಡಕ್ಕೆ ಸಾಕೇ?

ಬೆಳಕನ್ನು ಅಳೆಯುವ ಒಂದು ಮಾಪ ಲಕ್ಸ್. ಒಂದು ಮೇಲ್ಮೈಯ ಪ್ರತಿ ಚದರ ಮೀಟರ್ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಎಂಬುದನ್ನು ಇದು ಹೇಳುತ್ತದೆ. ಮೇ ತಿಂಗಳ ಮಧ್ಯಾಹ್ನ ಟೆರೇಸಿನ ಮೇಲೆ ಸುಮಾರು 1,00,000 ಲಕ್ಸ್ ಇರುತ್ತದೆ. ಮೋಡ ಕವಿದ ದಿನ ಅದೇ ಟೆರೇಸಿನಲ್ಲಿ 10,000ದ ಆಸುಪಾಸು. ದಟ್ಟ ಮಳೆಮೋಡವಿದ್ದರೆ ಇನ್ನೂ ಕಡಿಮೆ. ರಾತ್ರಿ ಟ್ಯೂಬ್‌ಲೈಟ್ ಹಾಕಿಕೊಂಡು ಕೂರುವ ಹಾಲ್‌ನಲ್ಲಿ ಬರೀ 100ರಿಂದ 300.

ಟೆರೇಸಿಗೂ ಹಾಲ್‌ಗೂ ನೂರಾರು ಪಟ್ಟು ವ್ಯತ್ಯಾಸವಿದ್ದರೂ ನಮಗೆ ಅಷ್ಟೊಂದು ಅನಿಸುವುದಿಲ್ಲ. ಕಡಿಮೆ ಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗಿನ ಪರದೆ ಸೂಕ್ಷ್ಮವಾಗುತ್ತದೆ. ಹಾಲ್‌ನಲ್ಲಿ ಆರಾಮಾಗಿ ಪೇಪರ್ ಓದುತ್ತೇವೆ, 'ಇಲ್ಲಿ ಚೆನ್ನಾಗಿ ಬೆಳಕಿದೆ' ಅಂದುಕೊಳ್ಳುತ್ತೇವೆ. ಎಲೆಗೆ ಇಂಥ ಹೊಂದಾಣಿಕೆ ಇಲ್ಲ. ಅದರ ಮೇಲೆ ಬಿದ್ದ ಬೆಳಕು ಎಷ್ಟೋ ಅಷ್ಟೇ ಅದರ ಪಾಲು.

ಮನೆಗಿಡಗಳ ವಿಷಯದಲ್ಲಿ 'ಕಡಿಮೆ ಬೆಳಕು' ಎಂದರೆ ಸುಮಾರು 250ರಿಂದ 1,000 ಲಕ್ಸ್, ಅದೂ ದಿನಕ್ಕೆ ಹಲವಾರು ಗಂಟೆ. ಅದಕ್ಕಿಂತ ಕೆಳಗೆ ಹೋದರೆ ಯಾವ ಗಿಡವೂ ಬಹಳ ಕಾಲ ತಾಳುವುದಿಲ್ಲ. ಬೆಳಕೇ ಬೇಡದ ಹಸಿರು ಗಿಡ ಎಲ್ಲೂ ಇಲ್ಲ.

ಬೆಳಕು ಕಮ್ಮಿಯಾದರೆ ಗಿಡದೊಳಗೆ ಏನಾಗುತ್ತದೆ?

ಎಲೆ ಬೆಳಕು ಬಳಸಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ಬೇರಿನಿಂದ ಬಂದ ನೀರು ಸೇರಿಸಿ ಸಕ್ಕರೆ ಮಾಡುತ್ತದೆ. ಇದು ದ್ಯುತಿಸಂಶ್ಲೇಷಣೆ. ಇದರ ಜೊತೆಗೇ ಗಿಡ ಹಗಲೂ ರಾತ್ರಿ ಉಸಿರಾಡುತ್ತದೆ, ಆ ಕೆಲಸಕ್ಕೆ ಅದೇ ಸಕ್ಕರೆ ಖರ್ಚಾಗುತ್ತದೆ. ಮನೆಯ ತಿಂಗಳ ಲೆಕ್ಕದ ಹಾಗೆಯೇ ಇದು: ಆದಾಯ ಖರ್ಚಿಗಿಂತ ಜಾಸ್ತಿ ಇದ್ದರೆ ಉಳಿತಾಯ, ಸಮ ಇದ್ದರೆ ಹೇಗೋ ನಡೆಯುತ್ತದೆ, ಕಮ್ಮಿಯಾದರೆ ಕೂಡಿಟ್ಟದ್ದು ಕರಗುತ್ತದೆ. ಆದಾಯ ಮತ್ತು ಖರ್ಚು ಸಮವಾಗುವ ಬೆಳಕಿನ ಮಟ್ಟಕ್ಕೆ ಸಸ್ಯವಿಜ್ಞಾನದಲ್ಲಿ ಬೆಳಕಿನ ಸರಿದೂಗು ಬಿಂದು ಎನ್ನಬಹುದು.

ಬೆಳಕು ಈ ಬಿಂದುವಿಗಿಂತ ಕೆಳಗಿಳಿದ ತಕ್ಷಣ ಗಿಡ ಸಾಯುವುದಿಲ್ಲ. ಮೊದಲು ಕಾಂಡ, ಬೇರುಗಳಲ್ಲಿ ಕೂಡಿಟ್ಟ ಪಿಷ್ಟ ತೆಗೆದು ಬಳಸುತ್ತದೆ. ಆಮೇಲೆ ಹಳೆಯ ಎಲೆಗಳಲ್ಲಿರುವ ಸಾರ ಹೀರಿಕೊಂಡು ಅವನ್ನು ಉದುರಿಸುತ್ತದೆ. ಹೊಸ ಎಲೆ ಸಣ್ಣದಾಗಿ ಬರುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗಿ, ಕಾಂಡ ಕಿಟಕಿಯ ಕಡೆಗೆ ವಾಲುತ್ತದೆ. ನರ್ಸರಿಯಿಂದ ತಂದ ಗಿಡ ಮೊದಲ ತಿಂಗಳು ಚೆನ್ನಾಗಿದ್ದು ಆಮೇಲೆ ಸೊರಗಲು ಕಾರಣ ಇದೇ. ಆ ಒಂದು ತಿಂಗಳು ಅದು ಬಳಸಿದ್ದು ನರ್ಸರಿಯ ಬೆಳಕಿನಲ್ಲಿ ಮಾಡಿಟ್ಟ ಸಕ್ಕರೆಯನ್ನು.

ಅಡಿಕೆ ತೋಟದ ಕೆಳಗೆ ನೋಡಿ

ಸರಿದೂಗು ಬಿಂದು ಎಲ್ಲ ಗಿಡಕ್ಕೂ ಒಂದೇ ಅಲ್ಲ. ಬಯಲಿನಲ್ಲಿ ಬೆಳೆಯುವ ಗಿಡಕ್ಕೆ ಅದು ಎತ್ತರದಲ್ಲಿರುತ್ತದೆ, ದೊಡ್ಡ ಮರಗಳ ಕೆಳಗೆ ಬೆಳೆಯುವ ಗಿಡಕ್ಕೆ ತೀರಾ ಕೆಳಗೆ.

ಊರಿನ ಅಡಿಕೆ ತೋಟಕ್ಕೆ ಹೋದವರಿಗೆ ಇದು ಕಣ್ಣಾರೆ ಗೊತ್ತು. ಮೇಲೆ ಅಡಿಕೆಯ ಸೋಗೆ ಬಿಸಿಲು ಹಿಡಿಯುತ್ತದೆ. ಅದರ ಕಾಂಡಕ್ಕೆ ಹಬ್ಬಿದ ಕರಿಮೆಣಸು ಮತ್ತು ವೀಳ್ಯದ ಬಳ್ಳಿ ಸೋಸಿ ಬಂದ ಬೆಳಕಿನಲ್ಲಿ ಬೆಳೆಯುತ್ತವೆ. ಮಲೆನಾಡಿನ ತೋಟಗಳಲ್ಲಿ ಅದಕ್ಕೂ ಕೆಳಗೆ ಏಲಕ್ಕಿ ಇರುತ್ತದೆ. ಮುಂಬೈನ ನರ್ಸರಿಯಲ್ಲಿ ಸಿಗುವ ಒಳಾಂಗಣ ಗಿಡಗಳಲ್ಲಿ ಬಹುಪಾಲು ಬೇರೆ ಬೇರೆ ದೇಶಗಳ ಇಂಥದೇ ಕೆಳಮಟ್ಟದ ಕಾಡಿನಿಂದ ಬಂದವು. ಅಗ್ಲೋನೀಮಾ ಆಗ್ನೇಯ ಏಷ್ಯಾದ ಮಳೆಕಾಡಿನದು. ಪಾರ್ಲರ್ ಪಾಮ್ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯದು. ಮನಿ ಪ್ಲಾಂಟ್ ಮೂಲತಃ ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ದ್ವೀಪದ್ದು, ಅಲ್ಲಿ ಅದು ಮರಕ್ಕೆ ಹಬ್ಬುವ ಬಳ್ಳಿ.

ನೆರಳಿನ ಗಿಡಗಳ ಎಲೆ ತೆಳ್ಳಗೆ, ಅಗಲವಾಗಿ, ಕಡು ಹಸಿರಾಗಿರುತ್ತದೆ. ಬಿದ್ದ ಅಲ್ಪ ಬೆಳಕನ್ನೂ ಹಿಡಿಯಲು ಅನುಕೂಲವಾಗಲಿ ಎಂದು. ಅವು ನಿಧಾನವಾಗಿ ಬೆಳೆಯುತ್ತವೆ, ಹಾಗಾಗಿ ಖರ್ಚೂ ಕಮ್ಮಿ. ನರ್ಸರಿಯಲ್ಲಿ ಆರಿಸುವಾಗ ಇದೊಂದು ಒಳ್ಳೆ ಗುರುತು. ಎಲೆಯಲ್ಲಿ ಬಿಳಿ ಪಟ್ಟೆ, ತಿಳಿ ಹಳದಿ ಮಚ್ಚೆ ಇರುವ ಜಾತಿಗಳು ನೋಡಲು ಚೆಂದ. ಆದರೆ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲ, ಅದು ಸಕ್ಕರೆ ಮಾಡುವುದಿಲ್ಲ. ಕತ್ತಲೆ ಮೂಲೆಗೆ ಅದೇ ಜಾತಿಯ ಪೂರ್ತಿ ಹಸಿರು ಗಿಡ ತರುವುದು ಒಳ್ಳೆಯದು. ಚಿನ್ನದ ಮಚ್ಚೆಯ ಮನಿ ಪ್ಲಾಂಟ್ ಒಳಗಿಟ್ಟ ಮೇಲೆ ಹೊಸ ಎಲೆಗಳಲ್ಲಿ ಮಚ್ಚೆ ಮಾಯವಾಗುವುದನ್ನು ನೀವು ನೋಡಿರಬಹುದು. ಅದು ರೋಗವೇನಲ್ಲ.

ನಿಮ್ಮ ಮೂಲೆಯ ಬೆಳಕು ಅಳೆಯುವ ಬಗೆ

ಮೊದಲ ಪರೀಕ್ಷೆಗೆ ಏನೂ ಬೇಡ. ಗಿಡ ಇಡುವ ಜಾಗದಲ್ಲಿ, ಎಲೆಗಳು ಬರುವ ಎತ್ತರಕ್ಕೆ ನಿಮ್ಮ ತಲೆ ತಂದು ಕಿಟಕಿಯ ಕಡೆ ನೋಡಿ. ಆಕಾಶ ಕಾಣುತ್ತಾ? ಕಂಡರೆ ಎಷ್ಟು? ಮುಂಬೈಯಲ್ಲಿ ಇದೇ ಅತಿ ಮುಖ್ಯ ಪ್ರಶ್ನೆ. ದಕ್ಷಿಣದ ಕಿಟಕಿ ಒಳ್ಳೆಯದು, ಉತ್ತರದ್ದು ಮಂದ ಎಂದು ಪುಸ್ತಕಗಳು ಹೇಳುತ್ತವೆ. ಎದುರಿಗೆ ಹತ್ತಡಿ ದೂರದಲ್ಲಿ ಪಕ್ಕದ ವಿಂಗಿನ ಗೋಡೆ ಇದ್ದರೆ ದಿಕ್ಕು ಯಾವುದಾದರೇನು? ಆಕಾಶ ಒಂದಿಷ್ಟೂ ಕಾಣದ ಜಾಗಕ್ಕೆ ಬರುವುದು ಗೋಡೆಗೆ ತಾಗಿ ಮರಳಿದ ಬೆಳಕು ಮಾತ್ರ. ಆ ಗೋಡೆಗೆ ಬಿಳಿ ಬಣ್ಣ ಇದ್ದರೆ ವಾಸಿ, ಪಾಚಿ ಹಿಡಿದು ಕಪ್ಪಾಗಿದ್ದರೆ ಕಷ್ಟ.

ಎರಡನೆಯದು ನೆರಳಿನ ಪರೀಕ್ಷೆ. ಮಧ್ಯಾಹ್ನದ ಹೊತ್ತು, ದೀಪ ಆರಿಸಿ, ಆ ಜಾಗದಲ್ಲಿ ಬಿಳಿ ಹಾಳೆ ಇಡಿ. ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ಅಂಚು ಸ್ಪಷ್ಟವಾಗಿ ಕಂಡರೆ ಒಳ್ಳೆ ಬೆಳಕು. ಅಂಚು ಕಲಸಿಹೋಗಿ ಕೈಯ ಆಕಾರ ಮಾತ್ರ ಕಂಡರೆ ಮಧ್ಯಮ. ಏನೋ ಮಸುಕು ಇದೆ ಅನ್ನುವಷ್ಟೇ ಇದ್ದರೆ ಕಡಿಮೆ. ನೆರಳೇ ಬೀಳದಿದ್ದರೆ ಅದು ಗಿಡದ ಜಾಗವಲ್ಲ. ಮೊಬೈಲಿನಲ್ಲಿ ಲಕ್ಸ್ ತೋರಿಸುವ ಆ್ಯಪ್‌ಗಳೂ ಇವೆ. ಅವುಗಳ ಅಂಕಿ ಕರಾರುವಾಕ್ಕಲ್ಲ, ಆದರೆ ಒಂದು ಮೂಲೆಗೂ ಇನ್ನೊಂದಕ್ಕೂ ಹೋಲಿಸಲು ಸಾಕು.

ಕಿಟಕಿಯಿಂದ ದೂರ ಹೋದಂತೆ ಬೆಳಕು ಭರ್ರನೆ ಇಳಿಯುತ್ತದೆ. ಎರಡು ಮೀಟರ್ ಒಳಗೆ ಬರುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲಿಗೂ ಇಳಿಯಬಹುದು. ಹಾಗಾಗಿ ಸೊರಗಿದ ಗಿಡಕ್ಕೆ ಗೊಬ್ಬರ ಹಾಕುವ ಮೊದಲು ಎರಡಡಿ ಮುಂದೆ ಸರಿಸಿ ನೋಡಿ. ಕೊಳೆಯಾದ ಸ್ಲೈಡಿಂಗ್ ಗಾಜು, ಬಣ್ಣದ ಫಿಲ್ಮ್, ಸೊಳ್ಳೆ ಪರದೆ, ಗ್ರಿಲ್ಲಿನಲ್ಲಿ ಒಣಹಾಕಿದ ಬಟ್ಟೆ, ಇವೆಲ್ಲ ಒಂದೊಂದು ಪಾಲು ತಿನ್ನುತ್ತವೆ.

ಕಾಲಮಾನವೂ ಲೆಕ್ಕಕ್ಕೆ ಬರುತ್ತದೆ. ಮುಂಬೈ ಭೂಮಧ್ಯರೇಖೆಯಿಂದ ಸುಮಾರು 19 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಮಧ್ಯಾಹ್ನವೂ 47 ಡಿಗ್ರಿಯಷ್ಟೇ ಏರುತ್ತಾನೆ. ಆಗ ತೆರೆದ ದಕ್ಷಿಣ ಕಿಟಕಿಯಿಂದ ಬಿಸಿಲು ಕೋಣೆಯ ಒಳಗೆ ಬರುತ್ತದೆ. ಮೇ ಮಧ್ಯದ ಹೊತ್ತಿಗೆ ಅವನು ನೆತ್ತಿಯ ಮೇಲೆ. ಅಲ್ಲಿಂದ ಜುಲೈ ಕೊನೆಯವರೆಗೆ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ದಕ್ಷಿಣ ಕಿಟಕಿಯ ಬಿಸಿಲು ಕಿಟಕಿಯ ಹೊರಗೇ ಉಳಿಯುತ್ತದೆ, ಮೋಡವೂ ಕವಿಯುತ್ತದೆ. ಜನವರಿಯಲ್ಲಿ ಅಳೆದು 'ಇಲ್ಲಿ ಪರವಾಗಿಲ್ಲ' ಎಂದು ತೀರ್ಮಾನಿಸಿದ ಜಾಗವನ್ನು ಜುಲೈಯಲ್ಲಿ ಇನ್ನೊಮ್ಮೆ ನೋಡಬೇಕು.

ಯಾವ ಜಾಗಕ್ಕೆ ಯಾವ ಗಿಡ

ತೀರಾ ಮಂದ ಜಾಗಕ್ಕೆ, ಅಂದರೆ ಹಾಲ್‌ನ ಒಳಮೂಲೆ ಅಥವಾ ಡಕ್ಟ್ ಕಡೆಗಿರುವ ಕಿಟಕಿಗೆ, ನನ್ನ ಮೊದಲ ಆಯ್ಕೆ ಜೀಜೀ ಪ್ಲಾಂಟ್. ಪೂರ್ವ ಆಫ್ರಿಕಾದ ಗಿಡ. ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆ ಇರುತ್ತದೆ, ಅದರಲ್ಲಿ ನೀರು ಕೂಡಿಡುತ್ತದೆ. ಮೇಣ ಹಚ್ಚಿದಂಥ ಎಲೆ. ಬೆಳಕು ಕಮ್ಮಿಯಾದರೆ ಸುಮ್ಮನೆ ಇದ್ದಲ್ಲೇ ಇರುತ್ತದೆ, ವರ್ಷಕ್ಕೆ ಒಂದೆರಡು ಕೊನರು ಬಂದರೂ ಬಂತು. ಅದನ್ನು ಕೊಲ್ಲುವುದು ಸಾಮಾನ್ಯವಾಗಿ ಕತ್ತಲೆ ಅಲ್ಲ, ಅತಿ ನೀರು.

ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು. ಅಲ್ಲಿ ಒಣ ಜಾಗದಲ್ಲಿ ಬೆಳೆಯುವ ಗಿಡ, ಬಿಸಿಲನ್ನೂ ತಡೆಯುತ್ತದೆ. ಆದರೂ ಮಂದ ಬೆಳಕಿನಲ್ಲಿ ತಿಂಗಳುಗಟ್ಟಲೆ ತಾಳಿಕೊಳ್ಳುತ್ತದೆ. ತಾಳುವುದು ಬೇರೆ, ಬೆಳೆಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಕತ್ತಲೆ ಮೂಲೆಯಲ್ಲಿ ಅದು ವರ್ಷವಿಡೀ ಒಂದೂ ಹೊಸ ಎಲೆ ಬಿಡದೆ ಇದ್ದುಬಿಡಬಹುದು. ಕಿಟಕಿ ಹತ್ತಿರ ತಂದರೆ ಮರಿ ಹಾಕುತ್ತದೆ.

ನಿಜವಾಗಿ ನೆರಳಿನಲ್ಲೇ ಖುಷಿಯಾಗಿರುವುದು ಕಡು ಹಸಿರು ಅಗ್ಲೋನೀಮಾ. ಮುಂಬೈಯ ಸೆಖೆ, ತೇವ ಎರಡೂ ಅದಕ್ಕೆ ಹಿತ, ಎಸಿಯ ತಣ್ಣನೆ ಗಾಳಿ ನೇರ ಬಡಿದರೆ ಮಾತ್ರ ಆಗುವುದಿಲ್ಲ. ಕೆಂಪು, ಗುಲಾಬಿ ಎಲೆಯ ಜಾತಿಗಳಿಗೆ ಇದಕ್ಕಿಂತ ಜಾಸ್ತಿ ಬೆಳಕು ಬೇಕು. ಆಸ್ಪಿಡಿಸ್ಟ್ರಾ ಸಿಕ್ಕರೆ ಬಿಡಬೇಡಿ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಗ್ಯಾಸ್ ದೀಪದ ಹೊಗೆ ತುಂಬಿದ ಮಬ್ಬು ಕೋಣೆಗಳಲ್ಲೂ ಬದುಕಿತೆಂದು ಇದಕ್ಕೆ 'ಎರಕದ ಕಬ್ಬಿಣದ ಗಿಡ' ಎಂದೇ ಹೆಸರು ಬಿತ್ತು.

ಆಕಾಶ ಸ್ವಲ್ಪ ಕಾಣುವ, ಬಿಸಿಲು ಬಾರದ ಕಿಟಕಿ ಇದ್ದರೆ ಆಯ್ಕೆ ದೊಡ್ಡದಾಗುತ್ತದೆ. ಮನಿ ಪ್ಲಾಂಟ್, ಹೃದಯದಾಕಾರದ ಎಲೆಯ ಫಿಲೋಡೆಂಡ್ರಾನ್, ಸಿಂಗೋನಿಯಂ, ಪಾರ್ಲರ್ ಪಾಮ್, ಸ್ಪೈಡರ್ ಪ್ಲಾಂಟ್ ಎಲ್ಲವೂ ಆಗುತ್ತವೆ. ಪೀಸ್ ಲಿಲಿ ಕೂಡ. ಬಾಯಾರಿದಾಗ ಅದು ಪೂರ್ತಿ ಸೋತು ಮಲಗುತ್ತದೆ, ನೀರು ಹಾಕಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಗಿಡ ಸಾಕುವುದು ಹೊಸತಾದವರಿಗೆ ಇದೊಂದು ಒಳ್ಳೆ ಗುರು. ಕಡಿಮೆ ಬೆಳಕಿನಲ್ಲಿ ಎಲೆ ಚೆನ್ನಾಗಿರುತ್ತದೆ, ಬಿಳಿ ಹೂ ಅಪರೂಪ.

ಇದೇ ಕಿಟಕಿಯಲ್ಲಿ ವೀಳ್ಯದ ಬಳ್ಳಿ ಪ್ರಯತ್ನಿಸಿ. ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿಸಿದರೆ ನಗರದಲ್ಲೂ ಬರುತ್ತದೆ. ಪೂಜೆಗೆ, ತಾಂಬೂಲಕ್ಕೆ ಮನೆಯದೇ ಎಲೆ ಸಿಗುತ್ತದೆ. ಆಕಾಶ ಕಾಣದ ಮೂಲೆಯಲ್ಲಿ ಮಾತ್ರ ಇದು ಸೋಲುತ್ತದೆ.

ಅಂಗಡಿಗಳಲ್ಲಿ ಒಳಾಂಗಣ ಗಿಡವೆಂದು ಮಾರುವ ಅರೆಕಾ ಪಾಮ್ ಮತ್ತು ಫೈಕಸ್ ಬಗ್ಗೆ ಎಚ್ಚರ. ಎರಡಕ್ಕೂ ಒಳ್ಳೆ ಬೆಳಕು ಬೇಕು. ಫೈಕಸ್ ಅಂತೂ ಜಾಗ ಬದಲಾದ ಸಿಟ್ಟಿಗೋ ಎಂಬಂತೆ ರಾಶಿ ಎಲೆ ಉದುರಿಸುತ್ತದೆ.

ತುಳಸಿ, ಮಲ್ಲಿಗೆ, ಕರಿಬೇವು

ಕನ್ನಡದ ಮನೆಗಳಲ್ಲಿ ಮೊದಲು ಬೇಕಾಗುವುದು ಇವೇ. ಮೂರೂ ಬಿಸಿಲಿನ ಗಿಡಗಳು. ತುಳಸಿಗೆ ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೇಕು. ಟವರಿನ ನೆರಳು ಬಿದ್ದ ಕಿಟಕಿಯಲ್ಲಿ ತುಳಸಿ ಒಣಗಿದರೆ ಮನೆಯವರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಏನೋ ಅಪಶಕುನ ಎಂದು ಹೆದರುತ್ತಾರೆ. ಕಾರಣ ಬೆಳಕಿನ ಕೊರತೆ ಅಷ್ಟೇ. ಸೊಸೈಟಿಯವರು ಒಪ್ಪಿದರೆ ಟೆರೇಸಿನಲ್ಲೊಂದು ಕುಂಡ ಬೆಳೆಸಿ, ಇನ್ನೊಂದನ್ನು ದೇವರ ಮುಂದೆ ಇಟ್ಟು, ಮೂರ್ನಾಲ್ಕು ದಿನಕ್ಕೊಮ್ಮೆ ಅದಲುಬದಲು ಮಾಡಬಹುದು.

ಕೆಸುವಿನ ನೆಂಟರು

ಮನಿ ಪ್ಲಾಂಟ್, ಅಗ್ಲೋನೀಮಾ, ಪೀಸ್ ಲಿಲಿ, ಫಿಲೋಡೆಂಡ್ರಾನ್, ಸಿಂಗೋನಿಯಂ, ಜೀಜೀ ಎಲ್ಲವೂ ಒಂದೇ ಕುಟುಂಬಕ್ಕೆ ಸೇರಿದವು. ಪತ್ರೊಡೆಯ ಕೆಸುವೂ ಸುವರ್ಣಗಡ್ಡೆಯೂ ಅದೇ ಕುಟುಂಬ. ಮಳೆಗಾಲದಲ್ಲಿ ಇಲ್ಲಿನ ಮಾರ್ಕೆಟ್‌ನಲ್ಲಿ 'ಅಳೂ' ಎಂದು ಮಾರುವ ಎಲೆಯೂ ಕೆಸುವೇ. ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ, ಅಲ್ವಾ? ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಅದಕ್ಕೆ ಕಾರಣ. ಈ ಮನೆಗಿಡಗಳಲ್ಲೂ ಅದೇ ಹರಳುಗಳಿವೆ.

ಪುಟ್ಟ ಮಗು ಅಥವಾ ಬೆಕ್ಕು ಎಲೆ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳಬಹುದು, ಜೊಲ್ಲು ಸುರಿಯಬಹುದು. ಬಾಯಿ ತೊಳೆದು, ಊತ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ದಪ್ಪ ಕಾಂಡದ, ಮಚ್ಚೆ ಎಲೆಯ ಡಿಫೆನ್‌ಬಾಕಿಯಾ ಈ ವಿಷಯದಲ್ಲಿ ಇನ್ನೂ ಜೋರು, ತೆವಳುವ ಮಗು ಇರುವ ಮನೆಗೆ ಅದು ಬೇಡವೇ ಬೇಡ. ಸ್ಪೈಡರ್ ಪ್ಲಾಂಟ್, ಪಾರ್ಲರ್ ಪಾಮ್, ಆಸ್ಪಿಡಿಸ್ಟ್ರಾ ಈ ಕುಟುಂಬದವಲ್ಲ, ಬೆಕ್ಕು ನಾಯಿಗಳಿಗೂ ವಿಷವಲ್ಲ.

ನೀರು ಕಮ್ಮಿ, ಗಾಳಿ ಜಾಸ್ತಿ

ಮಂದ ಬೆಳಕಿನಲ್ಲಿ ಗಿಡದ ಕೆಲಸ ನಿಧಾನ, ಹಾಗಾಗಿ ನೀರು ಹೀರುವುದೂ ನಿಧಾನ. ಜುಲೈಯ ತೇವದಲ್ಲಂತೂ ಮಣ್ಣು ಒಣಗುವುದೇ ಇಲ್ಲ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರೇ ನಿಂತರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಎಲೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನಷ್ಟು ನೀರು ಹಾಕುತ್ತೇವೆ. ಒಳಾಂಗಣದ ಗಿಡಗಳು ಹೆಚ್ಚಾಗಿ ಹೋಗುವುದು ಹೀಗೆಯೇ.

ದಿನ ಎಣಿಸಿ ನೀರು ಹಾಕಬೇಡಿ. ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ, ತೇವ ತಾಗಿದರೆ ಬಿಟ್ಟುಬಿಡಿ. ಜೀಜೀ ಮತ್ತು ಸ್ನೇಕ್ ಪ್ಲಾಂಟ್‌ಗೆ ಮಣ್ಣು ತಳದವರೆಗೆ ಒಣಗಬೇಕು. ಕುಂಡಕ್ಕೆ ತೂತು ಇರಲೇಬೇಕು. ನರ್ಸರಿಯ ಗಿಡ ಎಷ್ಟೋ ಸಲ ಅಂಟು ಕೆಂಪು ಮಣ್ಣಿನ ಉಂಡೆಯಲ್ಲಿ ಬರುತ್ತದೆ. ಒಳಗಿಡುವ ಮೊದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್, ದಪ್ಪ ಮರಳು ಅಥವಾ ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು) ಬೆರೆಸಿದ ಹಗುರ ಮಣ್ಣಿಗೆ ಬದಲಾಯಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಗೊಬ್ಬರ ಬಹಳ ಕಡಿಮೆ ಸಾಕು. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ಎಲೆಗಳ ಮೇಲೆ ಸಿಮೆಂಟಿನ ಧೂಳು ಕೂರುತ್ತದೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅದೂ ಬೆಳಕು ಕೊಟ್ಟ ಹಾಗೆಯೇ.

ಬಾಟಲಿಯ ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ, ಕುಂಡದ ಕೆಳಗಿನ ತಟ್ಟೆ, ಇವುಗಳ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ಮಳೆಗಾಲದಲ್ಲಿ ಮಹಾನಗರಪಾಲಿಕೆಯವರು ಮನೆಗೆ ಬಂದು ಇದನ್ನೇ ಮೊದಲು ನೋಡುತ್ತಾರೆ. ವಾರಕ್ಕೆ ಎರಡು ಸಲ ನೀರು ಚೆಲ್ಲಿ, ಪಾತ್ರೆ ಉಜ್ಜಿ ತೊಳೆಯಿರಿ.

ಗಾಳಿ ಶುದ್ಧವಾಗುತ್ತದೆಯೇ?

1989ರಲ್ಲಿ ನಾಸಾದ ಒಂದು ಅಧ್ಯಯನ, ಗಿಡಗಳು ಗಾಳಿಯಲ್ಲಿನ ಕೆಲವು ರಾಸಾಯನಿಕಗಳನ್ನು ತೆಗೆಯುತ್ತವೆ ಎಂದು ತೋರಿಸಿತು. ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯಾಟದಷ್ಟು ಪರಿಣಾಮ ಸಿಗಲು ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾಗುತ್ತದೆ ಎಂದು ಕಂಡಿತು. ಕಿಟಕಿ ತೆರೆದರೆ ಅದಕ್ಕಿಂತ ಬೇಗ ಕೆಲಸವಾಗುತ್ತದೆ. ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತದೆ ಎಂಬುದೂ ಸರಿಯಲ್ಲ. ಅದು ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ಆಮ್ಲಜನಕ ಹೊರಬರುವುದು ಬೆಳಕಿದ್ದಾಗಲೇ. ಹಸಿರು ಕಣ್ಣಿಗೆ ಹಿತ, ಮನಸ್ಸಿಗೆ ಸಮಾಧಾನ. ಗಿಡ ತರಲು ಅಷ್ಟು ಕಾರಣ ಸಾಲದೇ?

ನೆರಳೇ ಬೀಳದ ಮೂಲೆಗೆ

ದೀಪ ಹಾಕಬಹುದು. ಅದಕ್ಕೆ ನೇರಳೆ ಬಣ್ಣದ ದುಬಾರಿ ಗ್ರೋ ಲೈಟ್ ಬೇಕಾಗಿಲ್ಲ, ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬಿನ ಬೆಳಕಿನಲ್ಲೂ ಎಲೆ ಸಕ್ಕರೆ ಮಾಡುತ್ತದೆ. ದೂರ ಮುಖ್ಯ. ಸೀಲಿಂಗಿನ ಬಲ್ಬಿನಿಂದ ಗಿಡಕ್ಕೆ ಸಿಗುವುದು ತೀರಾ ಅಲ್ಪ. 9 ವಾಟಿನ ಬಲ್ಬನ್ನು ಟೇಬಲ್ ಲ್ಯಾಂಪಿಗೆ ಹಾಕಿ ಎಲೆಗಳಿಂದ ಒಂದಡಿ ಮೇಲೆ ನಿಲ್ಲಿಸಿದರೆ ಸಾವಿರ ಲಕ್ಸಿನ ಮೇಲೆ ಸಿಗುತ್ತದೆ. ದಿನಕ್ಕೆ 12 ಗಂಟೆ ಉರಿಸಿದರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. ಪ್ಲಗ್ಗಿಗೆ ಹಾಕುವ ಟೈಮರ್ ತಂದರೆ ಆನ್ ಆಫ್ ಮಾಡುವ ಕೆಲಸವೂ ಇಲ್ಲ. ರಾತ್ರಿ ಮಾತ್ರ ಕತ್ತಲೆ ಬಿಡಿ.

ದೀಪ ಬೇಡ ಅನ್ನುವವರು ಒಂದೇ ಜಾತಿಯ ಎರಡು ಕುಂಡ ತನ್ನಿ. ಒಂದು ಮೂಲೆಯಲ್ಲಿರಲಿ, ಇನ್ನೊಂದು ಕಿಟಕಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಜಾಗ ಬದಲಿಸಿ. ನರ್ಸರಿಯಿಂದ ಹೊಸದಾಗಿ ಬಂದ ಗಿಡವನ್ನು ಮಾತ್ರ ಮೊದಲ ಎರಡು ಮೂರು ವಾರ ಕಿಟಕಿಯ ಹತ್ತಿರವೇ ಇಟ್ಟು, ಆಮೇಲೆ ಈ ಸರದಿಗೆ ಸೇರಿಸಿ. ಅಷ್ಟರಲ್ಲಿ ಒಂದೆರಡು ಹಳೆ ಎಲೆ ಉದುರಿದರೆ ಗಾಬರಿ ಬೇಡ.